ಖಂಡೆ ಪೂಜೆಗೆ ಜಳಕ ಮಾಡಿಸಿದ ವಾಕ್‌ಮನ್

ನನ್ನ ತಮ್ಮನ ವಾಕ್‌ಮನ್ ಕೆಡಿಸಿದವನು ಅವನ ಗೆಳೆಯನಲ್ಲ, ನಾನು. ಇದನ್ನು ಮೊದಲನೆಯ ಸಾಲಿನಲ್ಲೇ ಬರೆದುಬಿಡುತ್ತೇನೆ. ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಹನ್ನೆರಡು ವರ್ಷ ಹಿಡಿಯಿತು. ಹೇಳಿದ ಮೇಲೆ ನಂಬಿಸುವುದಕ್ಕೆ ಇನ್ನೊಂದು ವಸ್ತುವನ್ನು ಹಾಳು ಮಾಡಬೇಕಾಯಿತು.

ಹಳೇ ಹುಬ್ಬಳ್ಳಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಅಪ್ಪ ಹಾಕಿದ್ದು. ನಾನು ಏಳನೆಯ ಇಯತ್ತೆ ಮುಗಿಸಿ ಶಾಲೆ ಬಿಟ್ಟೆ. ಬಿಡಿಸಿದರು ಎಂದರೆ ಅಪ್ಪನ ಮೇಲೆ ತಪ್ಪು ಹೊರಿಸಿದಂತೆ. ಗಣಿತದ ಮಾಸ್ತರರ ದನಿಗಿಂತ ಗಿರಣಿಯ ಸದ್ದು ನನಗೆ ಹಿತವಾಗಿತ್ತು, ಅಷ್ಟೇ. ತಮ್ಮ ಓದಿನಲ್ಲಿ ಜಾಣ. ತೊಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ಅವನು ದಿನಾ ಬಸ್ಸಿನಲ್ಲಿ ಧಾರವಾಡದ ಕಾಲೇಜಿಗೆ ಹೋಗಿ ಬರುತ್ತಿದ್ದ. ದಾರಿಯಲ್ಲಿ ಬೇಸರವಾಗಬಾರದೆಂದು ರೈಲ್ವೆಯಲ್ಲಿದ್ದ ನಮ್ಮ ಸೋದರಮಾವ ಮುಂಬೈಯಿಂದ ಅವನಿಗೊಂದು ವಾಕ್‌ಮನ್ ತಂದುಕೊಟ್ಟಿದ್ದರು. ಅಂಗೈ ಅಗಲದ ಕರಿ ಡಬ್ಬಿ. ಒಳಗೆ ಒಂದು ಕ್ಯಾಸೆಟ್, ಎರಡು ಸೆಲ್. ಸ್ಪಂಜು ಹಚ್ಚಿದ ಎರಡು ಬಿಲ್ಲೆ ಕಿವಿಗೆ ಏರಿಸಿಕೊಂಡನೆಂದರೆ ಅವನಿಗೆ ಮನೆ ಕೇಳಿಸುತ್ತಿರಲಿಲ್ಲ.

"ಒಬ್ಬಗ ಗಿರಣಿ ಕಿವಿ, ಒಬ್ಬಗ ಟೇಪಿನ ಕಿವಿ. ನಾ ಯಾರ್ನ ಊಟಕ್ಕ ಕರೀಬೇಕು?" ಎಂದು ಅವ್ವ ಗೋಡೆಗೆ ಕೇಳುತ್ತಿದ್ದಳು.

ತಮ್ಮನಿಗೆ ಒಬ್ಬನೇ ಗೆಳೆಯ. ಹೆಬ್ಬಳ್ಳಿ ಎಂಬ ಹಳ್ಳಿಯ ಹುಡುಗ, ನಮ್ಮ ಓಣಿಯಲ್ಲಿ ಅತ್ತೆಯ ಮನೆಯಲ್ಲಿದ್ದುಕೊಂಡು ತಮ್ಮನ ಜೊತೆ ಅದೇ ಕಾಲೇಜಿಗೆ ಹೋಗುತ್ತಿದ್ದ. ಬಸ್ಸಿನಲ್ಲಿ ಇಬ್ಬರೂ ಒಂದೊಂದು ಕಿವಿಗೆ ಒಂದೊಂದು ಬಿಲ್ಲೆ ಹಿಡಿದುಕೊಂಡು, ತಲೆಗೆ ತಲೆ ತಾಗಿಸಿ ಕೂರುತ್ತಿದ್ದರಂತೆ. ನನ್ನನ್ನು ಅವನೂ ಅಣ್ಣಾ ಎಂದೇ ಕರೆಯುತ್ತಿದ್ದ. ತಮ್ಮನಾದರೂ ನನಗೆ "ನೀ" ಅನ್ನುತ್ತಿದ್ದ; ಅವನು ಒಂದು ದಿನವೂ "ರಿ" ಬಿಟ್ಟು ಮಾತಾಡಿದವನಲ್ಲ.

ನಮ್ಮ ಕಡೆ ಮಹಾನವಮಿಯ ದಿನ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ವರ್ಷವೆಲ್ಲ ದುಡಿದ ಸಾಮಾನುಗಳಿಗೆ ಅಂದು ಜಳಕ, ವಿಭೂತಿ, ಹೂವು, ನೈವೇದ್ಯ. ಹೊಲದವರು ಬಿತ್ತುವ ಕುರಿಗಿ, ಕುಡಗೋಲು ಇಡುತ್ತಾರೆ, ನಾವು ಗಿರಣಿಯವರು ನಟ್ಟು ಬಿಗಿಯುವ ಪಾನಾ, ಸುತ್ತಿಗೆ, ಕಲ್ಲು ಕುಟ್ಟುವ ಉಳಿ, ತಕ್ಕಡಿ ಇಡುತ್ತೇವೆ. ಪೂಜೆಯಾದ ಮೇಲೆ ಮರುದಿನ ಸಂಜೆ ಬನ್ನಿ ಮುಡಿಯುವ ತನಕ ಯಾವುದನ್ನೂ ಮುಟ್ಟುವಂತಿಲ್ಲ. ಅವಕ್ಕೂ ವರ್ಷಕ್ಕೊಂದು ರಜೆ. ಈ ವಿಷಯದಲ್ಲಿ ಅಪ್ಪ ಬಹಳ ಕಡಕ್. ಒಮ್ಮೆ ಬೀಗರು ಬಂದಿದ್ದಾರೆ, ಮನೆಯಲ್ಲಿ ಹಿಟ್ಟಿಲ್ಲ ಎಂದು ಪಕ್ಕದ ಮನೆಯವರು ಜೋಳದ ಬುಟ್ಟಿ ಹೊತ್ತು ಬಂದಾಗ, ನಮ್ಮ ಮನೆಯ ಹಿಟ್ಟಿನ ಡಬ್ಬಿಯನ್ನೇ ಎತ್ತಿಕೊಟ್ಟರೇ ಹೊರತು ಗಿರಣಿಯ ಗುಂಡಿ ಒತ್ತಲಿಲ್ಲ.

ತೊಳೆಯುವ ಕೆಲಸ ಪೂರ್ತಿ ನನ್ನದು. ಅದರಲ್ಲಿ ನನಗೆ ಹೆಸರಿತ್ತು.

ಆ ವರ್ಷ ಖಂಡೆ ಪೂಜೆಯ ಬೆಳಿಗ್ಗೆ ತಮ್ಮ ಅವ್ವನ ಜೊತೆ ಕಬ್ಬು, ಚೆಂಡು ಹೂವು ತರಲು ಪೇಟೆಗೆ ಹೋಗಿದ್ದ. ಗೆಳೆಯ ಗಿರಣಿಗೆ ಬಂದ. ಎರಡು ದಿನ ಊರಿಗೆ ಹೋಗುವಾಗ ತಮ್ಮನಿಂದ ವಾಕ್‌ಮನ್ ಕೇಳಿ ಒಯ್ದಿದ್ದನಂತೆ.

"ಅಣ್ಣಾ, ಇದನ್ನ ಅವಂಗ ಕೊಡ್ರಿ. ಅತ್ತಿ ಪೂಜಾಕ್ಕ ಲಗೂ ಬಾ ಅಂದಾಳ, ಹೋಗಬೇಕು. ಛಲೋ ಹಾಡತೈತಿ, ಕೇಳ್ರಿ ಬೇಕಾದ್ರ," ಎಂದು ತಾನೇ ಒಂದು ಬಿಲ್ಲೆಯನ್ನು ನನ್ನ ಕಿವಿಗೆ ಒತ್ತಿದ.

ಕೇಳಿದೆ. ಹಾಡುತ್ತಿತ್ತು. ಹೆಂಗಸೊಬ್ಬಳ ದನಿ, ಹಿಂದೆ ತಬಲಾ. ಸ್ಪಷ್ಟವಾಗಿ ಹಾಡುತ್ತಿತ್ತು.

ಅವನು ಹೋದ. ನಾನು ಬಕೆಟ್ಟಿನ ಮುಂದೆ ಕುಳಿತು ಪಾನಾ ತೊಳೆದೆ, ಉಳಿ ತೊಳೆದೆ. ತಕ್ಕಡಿಯ ಹಿತ್ತಾಳೆ ಪರಡಿಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಆಮೇಲೆ ಪಕ್ಕದಲ್ಲಿದ್ದ ವಾಕ್‌ಮನ್ ಕಣ್ಣಿಗೆ ಬಿತ್ತು. ಗಿರಣಿ ನನ್ನ ಆಯುಧ. ತಮ್ಮನದು ಯಾವುದು? ಪೆನ್ನು, ಪುಸ್ತಕ ಎನ್ನಬಹುದು. ಆದರೆ ಅವು ಅವನ ಕೈಯಲ್ಲಿ ಇದರ ಅರ್ಧದಷ್ಟು ಹೊತ್ತೂ ಇರುತ್ತಿರಲಿಲ್ಲ. ವರ್ಷವೆಲ್ಲ ಅವನ ಸಲುವಾಗಿ ದುಡಿದದ್ದು ಇದೇ. ಎಲ್ಲಕ್ಕೂ ಜಳಕವಾಗಿ ಇದೊಂದು ಮೈಲಿಗೆಯಲ್ಲಿ ಉಳಿದರೆ ಚೆನ್ನಾಗಿರುವುದಿಲ್ಲ ಅನ್ನಿಸಿತು.

ನಾನು ದಡ್ಡನಲ್ಲ. ಕರೆಂಟಿಗೆ ನೀರು ಆಗುವುದಿಲ್ಲ ಎಂದು ನನಗೆ ಗೊತ್ತು. ಗಿರಣಿಯ ಮೋಟರನ್ನು ಯಾವತ್ತೂ ಒಣ ಬಟ್ಟೆಯಿಂದ ಮಾತ್ರ ಒರೆಸಿದವನು ನಾನು. ಆದರೆ ಮೋಟರಿಗೆ ಗೋಡೆಯಿಂದ ವಾಯರ್ ಬರುತ್ತದೆ. ಇದಕ್ಕೆ ಗೋಡೆಯ ಸಂಬಂಧವೇ ಇಲ್ಲ. ಇದರ ಕರೆಂಟು ಇರುವುದು ಸೆಲ್ಲಿನಲ್ಲಿ. ಸೆಲ್ ತೆಗೆದು ಬದಿಗಿಟ್ಟೆನೆಂದರೆ ಇದಕ್ಕೂ ಪರಡಿಗೂ ಏನು ವ್ಯತ್ಯಾಸ? ಹೀಗೆ ವಿಚಾರ ಮಾಡಿ, ಸೆಲ್ ತೆಗೆದು, ಕ್ಯಾಸೆಟ್ ತೆಗೆದು, ಎರಡನ್ನೂ ಒಣ ಜಾಗದಲ್ಲಿ ಇಟ್ಟು, ವಾಕ್‌ಮನ್ನನ್ನು ಬಕೆಟ್ಟಿನಲ್ಲಿ ಮುಳುಗಿಸಿದೆ. ಗುಳ್ಳೆಗಳು ಬಂದವು. ಹುಣಸೆಹಣ್ಣಿನ ಕೈಯಿಂದಲೇ ತೆಂಗಿನ ನಾರು ಹಿಡಿದು ತಿಕ್ಕಿದೆ. ಬಾಗಿಲು ತೆರೆದು ಒಳಗೂ ಎರಡು ಚರಿಗೆ ನೀರು ಹಾಕಿದೆ. ಹೊರಗಷ್ಟೇ ತೊಳೆದು ಒಳಗೆ ಹಾಗೇ ಬಿಡುವುದು ನನ್ನ ಕೆಲಸದ ರೀತಿಯಲ್ಲ.

ಅಪ್ಪನ ಹಳೆಯ ಧೋತರದಲ್ಲಿ ಒರೆಸಿದಾಗ ಅದು ಮಾವ ತಂದ ದಿನಕ್ಕಿಂತ ಚೆನ್ನಾಗಿ ಹೊಳೆಯಿತು. ಸೆಲ್, ಕ್ಯಾಸೆಟ್ ತಿರುಗಿ ಹಾಕಿದೆ. ವಿಭೂತಿ ಕಲಸಿ ಮೂರು ಬೆರಳಲ್ಲಿ ಎಳೆದೆ, ಮೇಲೊಂದು ಚೆಂಡು ಹೂವು. ಪಾನಾಕ್ಕೂ ತಕ್ಕಡಿಗೂ ನಡುವೆ ಕೂರಿಸಿದೆ.

ಅಪ್ಪ ಊದಿನಕಡ್ಡಿ ಹಿಡಿದು ಬಂದು ನಿಂತರು. "ಇದ್ಯಾಕ ಇಲ್ಲಿ ಕುಂತೈತಿ?"

"ತಮ್ಮನ ಆಯುಧ ಅಪ್ಪಾ."

ಅಪ್ಪ ಸ್ವಲ್ಪ ಯೋಚಿಸಿದರು. "ಇರ್ಲಿ ಬಿಡು. ಮನ್ಯಾಗ ಎಲ್ಲಾರಕಿಂತ ಹೆಚ್ಚಿಗಿ ಅದ ದುಡಿತೈತಿ," ಎಂದು ಅದಕ್ಕೂ ಆರತಿ ಬೆಳಗಿದರು.

ತಮ್ಮ ಪೇಟೆಯಿಂದ ಬಂದವನು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅವನ ನಗು ನಿಂತಿತು. "ಅಣ್ಣಾ, ನೀರ ಹಾಕಿಲ್ಲಲ್ಲಾ?" ಎಂದು ಕೈ ಚಾಚಿದ.

"ಏ, ಮುಟ್ಟಬ್ಯಾಡ! ಪೂಜಿ ಆಗೇತಿ," ಎಂದರು ಅಪ್ಪ.

ಅವನು ಕೇಳಿದ ರೀತಿಯಿಂದಲೇ ನನಗೆ ತಿಳಿಯಿತು, ನೀರು ಹಾಕಬಾರದಿತ್ತು ಎಂದು. "ಏ ಇಲ್ಲೋ. ಒರಸೀನಷ್ಟ," ಎಂದೆ. ಮೂರು ಸಣ್ಣ ಮಾತು. ಆಗಲೇ ನಿಜ ಹೇಳಿದ್ದರೆ ಅಪ್ಪನ ಕೈಕಾಲು ಹಿಡಿದಾದರೂ ಬಿಚ್ಚಿ ಒಣಗಿಸಬಹುದಿತ್ತೋ ಏನೋ. ಬದಲಿಗೆ, ಒಳಗೆ ನೀರು ತುಂಬಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಅದು ಒಂದೂವರೆ ದಿನ ಮಡಿಯಲ್ಲಿ ಕುಳಿತಿತು.

ಮರುದಿನ ಸಂಜೆ ಅಪ್ಪ ಪೂಜೆ ಕದಲಿಸಿದ ಕೂಡಲೇ ತಮ್ಮ ಅದನ್ನೆತ್ತಿಕೊಂಡ. ಗುಂಡಿ ಒತ್ತಿದ. ಸದ್ದಿಲ್ಲ. ಸೆಲ್ ತಿರುವಿ ಹಾಕಿದ, ಹಲ್ಲಲ್ಲಿ ಕಚ್ಚಿ ಹಾಕಿದ, ಟಾರ್ಚಿನ ಸೆಲ್ ತೆಗೆದು ಇದಕ್ಕೆ ಹಿಡಿಸುವುದಿಲ್ಲವೆಂದು ಗೊತ್ತಿದ್ದೂ ಹಾಕಿ ನೋಡಿದ. ಅದೇ ಹೊತ್ತಿಗೆ ಗೆಳೆಯ ಹೊಸ ಅಂಗಿ ಹಾಕಿಕೊಂಡು, ಮುಷ್ಟಿಯಲ್ಲಿ ಬನ್ನಿ ಹಿಡಿದುಕೊಂಡು ಬಂದ. ಅಂದು ನಮ್ಮಲ್ಲಿ ಜಗಳವಾಡಿದವರೂ ಬನ್ನಿ ಕೊಟ್ಟು ಕೈ ಹಿಡಿಯುತ್ತಾರೆ. ಬನ್ನಿ ಬೇಡ ಎಂದವರನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ.

"ಬನ್ನಿ ತಗೊಂಡು ಬಂಗಾರದ್ಹಂಗ ಇರೋಣಲೇ," ಎಂದ ಗೆಳೆಯ.

"ನನ್ನ ಸಾಮಾನ ಕೆಡಿಸಿ, ಮ್ಯಾಲ ಬಂಗಾರ ಕೊಡಾಕ ಬಂದಿಯೇನ?" ಎಂದ ತಮ್ಮ.

"ಯಾವ ಸಾಮಾನ?"

"ಇದು. ಎರಡ ದಿನಾ ನಿನ್ನ ಕಡೆ ಇತ್ತು. ಈಗ ಉಸಿರಿಲ್ಲ."

"ನಾ ಕೊಟ್ಟಾಗ ಹಾಡತಿತ್ತಲೇ! ಅಣ್ಣನ ಕಿವಿಗೆ ಹಿಡದು ತೋರಿಸೇನಿ. ಅಣ್ಣಾ, ಹೇಳ್ರಿ!"

ಅಪ್ಪ, ಅವ್ವ, ತಮ್ಮ, ಗೆಳೆಯ, ಬನ್ನಿ ಕೊಡಲು ಬಂದಿದ್ದ ಓಣಿಯವರು ಎಲ್ಲರೂ ನನ್ನ ಕಡೆ ನೋಡಿದರು.

"ಹಾಡತಿತ್ತೇನೋ," ಎಂದೆ. "ನಂದು ಗಿರಣಿ ಕಿವಿ. ಆ ಸಪ್ಪಳದಾಗ ನನಗೇನ ಸರಿ ಕೇಳಸ್ತೈತಿ."

ಖಂಡೆ ಪೂಜೆಯ ದಿನ ಗಿರಣಿ ಬಂದ್ ಇತ್ತು. ಯಾವ ಸಪ್ಪಳವೂ ಇರಲಿಲ್ಲ. ಇದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ಗೆಳೆಯ ನನ್ನ ಮುಖ ನೋಡಿದ. ಸಿಟ್ಟಿನಿಂದಲ್ಲ, ಲೆಕ್ಕ ತಪ್ಪಿದ ಹುಡುಗ ಮಾಸ್ತರರನ್ನು ನೋಡುವಂತೆ. ಬನ್ನಿಯನ್ನು ಕಟ್ಟೆಯ ಮೇಲಿಟ್ಟು ಹೋದ. ನಮ್ಮ ಆಡು ಅದನ್ನು ತಿಂದಿತು.

ನಾಲ್ಕು ದಿನ ಬಿಟ್ಟು ಅವನು ಗಿರಣಿಗೆ ಬಂದ. ತಮ್ಮ ಇಲ್ಲದ ಹೊತ್ತು ನೋಡಿಕೊಂಡು ಬಂದಿದ್ದ. ಜಗಳಕ್ಕೆ ಬಂದನೆಂದೇ ಅಂದುಕೊಂಡೆ.

"ಅಣ್ಣಾ, ನಾ ಭಾಳ ವಿಚಾರ ಮಾಡಿದೆ," ಎಂದ. "ತಪ್ಪ ನಂದ. ಊರಿಂದ ಬರೂವಾಗ ಬಸ್ಸಿನ್ಯಾಗ ಅದನ್ನ ಕಡಲಿ ಚೀಲದ ಮ್ಯಾಲ ಇಟ್ಟಿದ್ದೆ. ಧೂಳ ಹೊಕ್ಕಿರಬೇಕು. ನಿಮ್ಮ ಕಿವಿಗೆ ಹಿಡದಾಗ ಕಡೀ ಉಸಿರ ಇತ್ತಂತ ಕಾಣಸ್ತೈತಿ. ಅದನ್ನ ನನಗ ತಂದು ಕೊಡ್ರಿ. ಹೆಂಗರ ಮಾಡಿ ಅದಕ್ಕ ಜೀವಾ ತರಸ್ತೇನಿ."

ಒಬ್ಬ ಮನುಷ್ಯ ತಾನು ಮಾಡದ ತಪ್ಪನ್ನು ಹುಡುಕಿ ಹುಡುಕಿ ತಂದು ನನ್ನ ಕೈಗೆ ಕೊಡುತ್ತಿದ್ದಾನೆ. ನಾನು ಅದನ್ನು ತೆಗೆದುಕೊಂಡೆ. ತಮ್ಮ ಗೋಡೆಯ ಮಾಡದಲ್ಲಿ ಎಸೆದಿದ್ದ ವಾಕ್‌ಮನ್ನನ್ನು ತಂದೆ. ಅಂದಿನಿಂದ ಅದನ್ನು ಬದುಕಿಸುವ ಕೆಲಸಕ್ಕೆ ನಾವಿಬ್ಬರೂ ಜೊತೆಯಾದೆವು.

ಮೊದಲು ಬಿಸಿಲು. ಗಿರಣಿಯ ತಗಡಿನ ಮೇಲೆ ಅವ್ವ ಸಂಡಿಗೆ ಒಣಗಿಸಿದ್ದಳು. ಅದರ ಪಕ್ಕದಲ್ಲಿ ಮೊರದೊಳಗೆ ವಾಕ್‌ಮನ್ ಮಲಗಿಸಿ, ಕಾಗೆ ಬರದಂತೆ ಗೆಳೆಯ ಛತ್ರಿ ಹಿಡಿದು ಕುಳಿತ. ಛತ್ರಿ ಹಿಡಿದರೆ ಬಿಸಿಲು ಬೀಳುವುದಿಲ್ಲ ಎಂದು ಇಬ್ಬರಿಗೂ ಮಧ್ಯಾಹ್ನದ ಹೊತ್ತಿಗೆ ಹೊಳೆಯಿತು. ಎರಡನೆಯ ದಿನ ಛತ್ರಿ ಇಲ್ಲದೆ ಒಣಗಿಸಿದೆವು. ಅಲುಗಾಡಿಸಿದರೆ ಒಳಗೆ ಇನ್ನೂ ಚಳಕ್ ಚಳಕ್ ಎನ್ನುತ್ತಿತ್ತು.

"ಕಡಲಿ ಧೂಳ ಹಿಂಗ ಸಪ್ಪಳ ಮಾಡತೈತೇನ್ರಿ?" ಎಂದು ಗೆಳೆಯ ಕೇಳಿದ.

"ಮಾಡತಿರಬೇಕು," ಎಂದೆ. ನೀರು ಎಂಬ ಮಾತು ನನ್ನ ಬಾಯಿಂದ ಬರುವಂತಿರಲಿಲ್ಲ. ಆದರೆ ನೀರಿಗೆ ಮದ್ದು ಬೇಕಿತ್ತು. "ಥಂಡಿ ಹಿಡದಿರಬೇಕು ನೋಡು. ಈಗಷ್ಟ ಬೀಸಿದ ಹಿಟ್ಟ ಎಷ್ಟ ಬಿಸಿ ಇರತೈತಿ! ಅದರಾಗ ಕಾವು ಕೊಡೋಣು."

ಅದನ್ನು ತೆಳುವಾದ ಅರಿವೆಯಲ್ಲಿ ಕಟ್ಟಿ ಹಿಟ್ಟು ಬೀಳುವ ಬಾಯಿಯ ಕೆಳಗೆ ತೂಗುಹಾಕಿದೆ. ಮೂರು ಜನರ ಪಾಳಿಯ ಬಿಸಿ ಜೋಳದ ಹಿಟ್ಟು ಅದರ ಮೇಲಿಂದ ಇಳಿಯಿತು. ಪಾಳಿಗೆ ನಿಂತಿದ್ದ ಒಬ್ಬ ಹೆಣ್ಣುಮಗಳು ತನ್ನ ಬುಟ್ಟಿಯೊಳಗೆ ಬಗ್ಗಿ ನೋಡಿದಳು.

"ಏನ್ರಿ ಅದು, ನಮ್ಮ ಹಿಟ್ಟಿನ್ಯಾಗ?"

"ನಮ್ಮ ತಮ್ಮನ ಟೇಪ್ ರಿ ಅಕ್ಕಾರ. ಥಂಡಿ ಆಗೇತಿ."

"ಅಯ್ಯ, ಹಂಗಾರ ಶುಂಠಿ ಕಷಾಯ ಕುಡಸ್ರಿ. ನನ್ನ ಹಿಟ್ಟ್ಯಾಕ ಹಾಳ ಮಾಡತೀರಿ?"

ಚಳಕ್ ಸದ್ದು ನಿಂತಿತು. ಒಣಗಿತೆಂದು ನಾನು ಹಿಗ್ಗಿದೆ. ನೀರಿಗೆ ಹಿಟ್ಟು ಬಿದ್ದರೆ ಏನಾಗುತ್ತದೆಂದು ದಿನಾ ಎರಡು ಹೊತ್ತು ರೊಟ್ಟಿ ತಿನ್ನುವ ನನಗೆ ಹೊಳೆಯಲಿಲ್ಲ.

ಮೂರನೆಯದು ರಿಪೇರಿ ಅಂಗಡಿ. ದುರ್ಗದ ಬೈಲಿನ ಹಿಂದಿನ ಗಲ್ಲಿಯಲ್ಲಿ ರೇಡಿಯೋ, ಕೈಗಡಿಯಾರ ಎಲ್ಲ ಮಾಡಿಕೊಡುವ ಮುದುಕನೊಬ್ಬನಿದ್ದ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ನಾಲ್ಕು ತಿರುಪು ಬಿಚ್ಚಿ, ಮುಚ್ಚಳ ತೆಗೆದು ಊದಿದ. ಅವನ ಮೀಸೆ ಬೆಳ್ಳಗಾಯಿತು.

"ಏನ್ರಪಾ, ಇದರಾಗ ಒಂದ ರೊಟ್ಟಿ ಆಗೂವಷ್ಟ ಕಣಕ ಐತೆಲ್ಲ!"

ಗೆಳೆಯ ನನ್ನನ್ನು ನೋಡಿದ. ನಾನು ಎದುರಿನ ಗೋಡೆಯ ಗಡಿಯಾರಗಳನ್ನು ನೋಡಿದೆ.

ಮುದುಕ ಸೂಜಿಯ ಮೊನೆಯಲ್ಲಿ ಒಂದೊಂದನ್ನೇ ಎತ್ತಿ ಕಾಗದದ ಮೇಲೆ ಇಡುತ್ತ ಹೋದ. "ಇದು ಹಿಟ್ಟ. ಇದು ತುಕ್ಕ. ಇದು ವಿಭೂತಿ. ಪೂಜಿ ಮಾಡೀರಿ, ಸಂತೋಷ. ಆದ್ರ ಪೂಜಿ ಮ್ಯಾಲ ಮಾಡತಾರ, ಹೊಟ್ಟ್ಯಾಗ ಯಾರ ಮಾಡತಾರಪಾ? ಇದಕ್ಕ ನೀರ ಹೊಕ್ಕೈತಿ."

"ಹೌದ್ರಿ ಕಾಕಾ," ಎಂದುಬಿಟ್ಟ ಗೆಳೆಯ. "ಈಗ ನೆಪ್ಪಾತು. ಊರಿಂದ ಬರೂವಾಗ ಒಂದ ನಾಲ್ಕ ಹನಿ ಮಳಿ ಬಂದಿತ್ತು. ಅಂಗಿ ಕಿಸೆದಾಗ ಇತ್ತು."

ಮುದುಕ ಮತ್ತೆ ಸೂಜಿ ಚುಚ್ಚಿ ಕಂದು ಬಣ್ಣದ ಒಂದು ಎಳೆ ಎತ್ತಿದ. ಮೂಗಿಗೆ ಹಿಡಿದ. "ಹುಣಸಿಹಣ್ಣ. ನಿಮ್ಮೂರಾಗ ಮಳ್ಯಾಗ ಹುಣಸಿಹಣ್ಣ ಬೀಳತೈತೇನ?"

ನಾನು ಹೇಳಬೇಕಾದ ಜಾಗ ಅದು. ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಗೆಳೆಯನೇ, "ನಮ್ಮ ಅತ್ತಿ ಸಾರಿನ ಕೈಲೆ ಮುಟ್ಟಿರಬೇಕ್ರಿ," ಎಂದ.

ಮುದುಕ ಭೂತಗನ್ನಡಿ ತೆಗೆದು ನನ್ನ ಕಡೆ ತಿರುಗಿದ. "ನೀ ಯಾರಪಾ?"

"ಇದರ ಮಾಲಕನ ಅಣ್ಣ ರಿ."

"ಮತ್ತ ನೀ ಏನೂ ಅನ್ನವಲ್ಲಿ?"

"ನನಗ ಇದರಾಗಿಂದ ಏನೂ ತಿಳಿಯೂದಿಲ್ರಿ. ನಾ ಸಾಲಿ ಕಲ್ತಿಲ್ಲ."

ಮುದುಕ ಇನ್ನೇನೂ ಕೇಳಲಿಲ್ಲ. ಶಾಲೆ ಕಲಿಯದಿರುವುದನ್ನು ನಾನು ಹೀಗೆ ಬಳಸಿಕೊಂಡದ್ದು ಅದೊಂದೇ ಸಲ, ಮತ್ತು ಅದೇ ನನ್ನನ್ನು ಇಂದಿಗೂ ಹೆಚ್ಚು ಚುಚ್ಚುತ್ತದೆ.

ಎರಡು ವಾರ ಇಟ್ಟುಕೊಂಡು ಮುದುಕ ಅದನ್ನು ತಿರುಗಿ ಕೊಟ್ಟ. ಅಂಗಡಿಯಲ್ಲಿ ಮೇಜಿನ ಮೇಲೆ ಬಡಿದರೆ ಹಾಡುತ್ತಿತ್ತು. ಬಡಿಯುವುದು ನಿಲ್ಲಿಸಿದರೆ ನಿಲ್ಲುತ್ತಿತ್ತು. "ಒಳಗ ಒಂದ ಕಡೆ ಕೈ ಬಿಟ್ಟೈತಿ. ನಡುಗಿದ್ರ ಕೂಡತೈತಿ. ನನ್ನ ಕೈಲೆ ಇಷ್ಟ," ಎಂದ. ಗಿರಣಿಗೆ ತಂದು ತೊಡೆಗೆ ಬಡಿದೆವು, ಗೋಡೆಗೆ ಬಡಿದೆವು. ಒಂದೊಂದು ಪದ ಹಾಡಿ ಸುಮ್ಮನಾಯಿತು. ಬೇಸತ್ತ ಗೆಳೆಯ ಅದನ್ನು ಗಿರಣಿಯ ಚೌಕಟ್ಟಿನ ಮೇಲೆ ಇಟ್ಟ. ಗಿರಣಿ ನಡೆದಿತ್ತು. ಇಡೀ ಚೌಕಟ್ಟು ಗಡಗಡ ನಡುಗುತ್ತದಲ್ಲ, ಅದರ ಜೊತೆ ವಾಕ್‌ಮನ್ ಕೂಡ ನಡುಗಿ, ಒಳಗೆ ಕೈಗೆ ಕೈ ಕೂಡಿ, ತಬಲಾ ಸಮೇತ ಹಾಡತೊಡಗಿತು.

ಹೀಗಾಗಿ ಹುಬ್ಬಳ್ಳಿಯಲ್ಲೇ ಅತಿ ಹೆಚ್ಚು ಸದ್ದಿರುವ ಜಾಗದಲ್ಲಿ ಮಾತ್ರ ಹಾಡುವ ವಾಕ್‌ಮನ್ ನಮ್ಮದಾಯಿತು. ಸುದ್ದಿ ಓಣಿಯಲ್ಲಿ ಹಬ್ಬಿತು. ಪಾಳಿಗೆ ನಿಂತ ಹೆಣ್ಣುಮಕ್ಕಳು ಸೆರಗು ಸರಿಸಿ ಬಿಲ್ಲೆ ಏರಿಸಿಕೊಂಡು, ಹಿಟ್ಟಿನ ಧೂಳಿನಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ಈ ಹಾಡ ಮುಗಿಯೂತನಕ ಗಿರಣಿ ಬಂದ್ ಮಾಡಬ್ಯಾಡ್ರಿ" ಎಂದು ಒಬ್ಬರು ಹೇಳಿದರೆ, ಕಾಳು ಮುಗಿದರೂ ಬರಿಗಲ್ಲು ತಿರುಗಿಸಬೇಕಾಗುತ್ತಿತ್ತು. ಅಪ್ಪ ಮಾತ್ರ ಬೆರಗಾಗಿ, "ಪೂಜಿ ಮಾಡಿದ್ದು ಸುಳ್ಳ ಆಗಲಿಲ್ಲ ನೋಡು" ಎಂದರು.

ಕೊನೆಗೆ ತಮ್ಮನೂ ಬಂದ. ಗೆಳೆಯ ಕೈ ಕಟ್ಟಿಕೊಂಡು ಒಂದು ಕಡೆ ನಿಂತಿದ್ದ. ತಮ್ಮ ಬಿಲ್ಲೆ ಏರಿಸಿಕೊಂಡು ಪೂರ್ತಿ ಒಂದು ಹಾಡು ಕೇಳಿ, ಅವನ ಹೆಗಲ ಮೇಲೆ ಕೈ ಹಾಕಿ, ಕಿವಿಯ ಹತ್ತಿರ ಕೂಗಿದ. "ಹೋಗ್ಲಿ ಬಿಡಲೇ! ಮಾಫ್ ಮಾಡೇನಿ!"

ಗೆಳೆಯನ ಕಣ್ಣಲ್ಲಿ ನೀರು ಬಂತು. ಮಾಡದ ತಪ್ಪಿಗೆ ಕ್ಷಮೆ ಪಡೆದು ಅಷ್ಟು ಖುಷಿಪಟ್ಟವನನ್ನು ನಾನು ಕಂಡಿಲ್ಲ. ನನಗೆ ತಡೆಯಲಾಗಲಿಲ್ಲ. ಅಲ್ಲೇ, ಅವರಿಬ್ಬರ ಎದುರು, "ನಾನಽ ತೊಳದೆ. ಬಕೀಟಿನ್ಯಾಗ ಮುಳಗಿಸಿದೆ. ಅವಂದ ಏನೂ ತಪ್ಪಿಲ್ಲ," ಎಂದೆ. ಪೂರ್ತಿ ಹೇಳಿದೆ. ಗಿರಣಿ ಗಡಗಡ ನಡೆದಿತ್ತು.

ತಮ್ಮ ಒಂದು ಬಿಲ್ಲೆ ತೆಗೆದು, "ಏನಂದಿ?" ಎಂದು ಕೂಗಿದ.

"ಹಿಟ್ಟ ಭಾಳ ಸಣ್ಣ ಬರಾಕತ್ತೈತಿ ಅಂದೆ!" ಎಂದು ಕೂಗಿದೆ.

ಮುಂದೆ ಎಷ್ಟೋ ವರ್ಷ ನಾನು ಇದನ್ನೇ ತಪ್ಪೊಪ್ಪಿಗೆ ಎಂದು ನನಗೆ ಹೇಳಿಕೊಂಡೆ. ಹೇಳಿದ್ದೇನಲ್ಲ, ಕೇಳಿಸದಿದ್ದರೆ ನಾನೇನು ಮಾಡಲಿ?

ವಾಕ್‌ಮನ್ ಮರುವರ್ಷ ಗಿರಣಿಯ ಮೇಲೂ ಹಾಡುವುದು ಬಿಟ್ಟಿತು. ತಮ್ಮನಿಗೆ ಹುಬ್ಬಳ್ಳಿಯಲ್ಲೇ ಬ್ಯಾಂಕಿನ ಕೆಲಸವಾಯಿತು. ಗೆಳೆಯ ಸುಳ್ಳ ಎಂಬ ಊರಿನ ಹತ್ತಿರ ಒಂದು ಶಾಲೆಗೆ ಮಾಸ್ತರನಾದ. ಹುಬ್ಬಳ್ಳಿಗೆ ಬಂದಾಗಲೆಲ್ಲ ಗಿರಣಿಗೆ ಬಂದು ಚಹಾ ಕುಡಿದೇ ಹೋಗುತ್ತಿದ್ದ. ನಮ್ಮ ಮನೆಯ ಮಕ್ಕಳಿಗೆ ಅವನು "ಟೇಪ್ ಕೆಡಿಸಿದ ಕಾಕಾ". ಅವನೂ ಆ ಹೆಸರಿಗೆ ನಗುತ್ತ ಓಗೊಡುತ್ತಿದ್ದ.

ಎಲ್ಲರ ಕಿಸೆಯಲ್ಲೂ ಮೊಬೈಲ್ ಬಂದಿದ್ದ ಕಾಲ. ಒಂದು ರವಿವಾರ ತಮ್ಮನೂ ಗೆಳೆಯನೂ ಗಿರಣಿಯಲ್ಲಿ ಕುಳಿತಿದ್ದರು. ತಮ್ಮ ತನ್ನ ಹೊಸ ಮೊಬೈಲಿನಲ್ಲಿ ಹಾಡು ಹಾಕಿ ಅವನ ಕಡೆ ಚಾಚಿದ. ಗೆಳೆಯ ಎರಡೂ ಕೈ ಹಿಂದೆ ಎಳೆದುಕೊಂಡ.

"ನೀನಽ ಹಿಡಿ. ನಾ ಇಲ್ಲಿಂದ ಕೇಳತೇನಿ."

"ಯಾಕಲೇ?"

"ನನ್ನ ಕೈಗುಣ ನಿನಗ ಗೊತ್ತಿಲ್ಲೇನ?" ಎಂದು ನಕ್ಕ. ಆಮೇಲೆ ನಗುತ್ತಲೇ ಹೇಳಿದ: ಅವರ ಶಾಲೆಗೆ ಕಂಪ್ಯೂಟರ್ ಬಂದಿತ್ತಂತೆ. ಕಲಿಸುವುದಕ್ಕೆ ತಯಾರಾಗಿ ಬರಲು ಇವನನ್ನೇ ತರಬೇತಿಗೆ ಆರಿಸಿದ್ದರಂತೆ. "ನಾ ಒಲ್ಲೆ ಅಂದೆ. ನಾ ಮುಟ್ಟಿದ್ದು ಉಳಿಯೂದಿಲ್ಲ, ಹುಡುಗೂರ ಸಾಮಾನ ಯಾಕ ಕೆಡಸೂದು? ಬ್ಯಾರೆ ಮಾಸ್ತರಗ ಕೊಟ್ರು. ಅವ ಈಗ ಹೆಡ್ ಮಾಸ್ತರ ಆಗ್ಯಾನ."

ನಾನು ಎದ್ದು ಗಿರಣಿ ಬಂದ್ ಮಾಡಿದೆ. ಪಾಳಿಗೆ ನಿಂತವರು "ಯಾಕ್ರಿ, ಕರೆಂಟ ಹೋತೇನ್ರಿ?" ಎಂದರು. ಮೋಟರಿನ ಪಟ್ಟಾ ತಿರುಗುವುದು ಪೂರ್ತಿ ನಿಲ್ಲುವ ತನಕ ಕಾದು, ಎಲ್ಲರಿಗೂ ಕೇಳಿಸುವಂತೆ ಹೇಳಿದೆ. ಪೂಜೆ, ಬಕೆಟ್ಟು, ಹುಣಸೆಹಣ್ಣು, ಒರೆಸಿದ್ದೇನೆ ಎಂದ ಸುಳ್ಳು, ಗಿರಣಿ ಕಿವಿಯ ಸುಳ್ಳು, ಎಲ್ಲ.

ಹೇಳಿ ಮುಗಿದಾಗ ಗೆಳೆಯ ಎದ್ದು ಬಂದು ನನ್ನ ಕೈ ಹಿಡಿದುಕೊಂಡ. "ಅಣ್ಣಾ, ನಿಮ್ಮದು ಎಷ್ಟ ದೊಡ್ಡ ಮನಸ್ಸರಿ. ನನ್ನ ಸಮಾಧಾನಕ್ಕ ತಪ್ಪ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ."

"ಖರೇನ ಹೇಳಾಕತ್ತೇನಿ!"

"ನಮ್ಮಣ್ಣ ಹಂಗ ನೋಡು," ಎಂದ ತಮ್ಮ, ಹೆಮ್ಮೆಯಿಂದ. "ಯಾರ ತಪ್ಪರ ಇರ್ಲಿ, ತಾ ಹೊರತಾನ." ಪಾಳಿಯಲ್ಲಿದ್ದ ಒಬ್ಬ ಮುದುಕಿ, "ದೇವರಂಥಾ ಮನಶ್ಯಾ" ಎಂದಳು. ಹನ್ನೆರಡು ವರ್ಷದ ಪಾಪ ಹೇಳಿಕೊಂಡು ನನಗೆ ಸಿಕ್ಕಿದ್ದು ಇನ್ನಷ್ಟು ಮರ್ಯಾದೆ.

ಬೇರೆ ದಾರಿ ಉಳಿಯಲಿಲ್ಲ. ಬಕೆಟ್ಟಿಗೆ ನೀರು ತುಂಬಿ ತಂದು ಅವರ ಮುಂದೆ ಇಟ್ಟೆ. ಕಿಸೆಯಿಂದ ನನ್ನ ಮೊಬೈಲ್ ತೆಗೆದೆ. ಹಿಂದಿನ ಮುಚ್ಚಳ ತೆರೆದು, ಬ್ಯಾಟರಿ ತೆಗೆದು ಒಣ ಜಾಗದಲ್ಲಿಟ್ಟೆ. ಮುಳುಗಿಸಿದೆ. ಗುಳ್ಳೆ ಬಂದವು. ತೆಂಗಿನ ನಾರಿನಿಂದ ತಿಕ್ಕಿದೆ, ಮೂಲೆಗಳಿಗೆ ಬೆರಳು ಹಾಕಿ ತಿಕ್ಕಿದೆ, ಒಳಗೆ ಎರಡು ಚರಿಗೆ ನೀರು ಬಿಟ್ಟೆ, ಹೆಗಲ ಮೇಲಿನ ವಸ್ತ್ರದಲ್ಲಿ ಒರೆಸಿದೆ. ಕೈ ಎಲ್ಲಿಯೂ ತಡವರಿಸಲಿಲ್ಲ.

ಗೆಳೆಯ ನನ್ನ ಕೈಗಳನ್ನೇ ನೋಡುತ್ತಿದ್ದ.

"ಅವತ್ತಿನ ಹುಣಸಿಹಣ್ಣ ಅತ್ತಿ ಕೈದಲ್ಲ," ಎಂದ ನಿಧಾನವಾಗಿ.

"ಅಲ್ಲ."

"ಅವತ್ತ ರಿಪೇರಿ ಅಂಗಡ್ಯಾಗ ನೀವು ನನ್ನ ಬಾಜೂಕ ಕುಂತಿದ್ರಿ."

"ಕುಂತಿದ್ದೆ."

"ತೊಳದದ್ದಕ್ಕ ನಾ ಏನೂ ಅನ್ನೂದಿಲ್ಲ. ತಿಳೀದ ತೊಳದ್ರಿ. ಆದ್ರ ಅಲ್ಲಿ ಯಾಕ ಸುಮ್ಮ ಕುಂತ್ರಿ?"

ತಮ್ಮ ಏನೋ ಹೇಳಲು ಹೋದ. ಗೆಳೆಯ ಕೈ ಎತ್ತಿ ತಡೆದ. ಆಮೇಲೆ ಬಗ್ಗಿ, ನೀರು ಸೋರುತ್ತಿದ್ದ ನನ್ನ ಮೊಬೈಲನ್ನು ತನ್ನ ಕೈಗೆ ತೆಗೆದುಕೊಂಡ. ಕಿಸೆಯಲ್ಲಿ ಹಾಕಿಕೊಂಡ.

"ನಡೀರಿ," ಎಂದ. "ರಿಪೇರಿಗೆ ಒಯ್ಯೋಣು. ಈ ಸಲ ನೀವು ಹೇಳ್ರಿ."

ಮೊಬೈಲ್ ಅಂಗಡಿಯಲ್ಲಿ ರವಿವಾರದ ಗದ್ದಲ. ಕೌಂಟರಿನ ಹಿಂದೆ ಕುಳಿತ ಹೆಣ್ಣುಮಗಳು ರಸೀದಿ ಪುಸ್ತಕ ತೆರೆದು, "ಏನಾಗೇತ್ರಿ?" ಎಂದಳು. ಗೆಳೆಯ ಮೊಬೈಲ್ ಅವಳ ಮುಂದಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತ.

"ನೀರ ಹೊಕ್ಕೈತ್ರಿ," ಎಂದೆ.

"ನೀರಾಗ ಬಿತ್ತೇನ್ರಿ?"

"ಬಿದ್ದಿಲ್ರಿ. ನಾನಽ ತೊಳದೇನಿ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಅಕ್ಕಪಕ್ಕದವರೂ ನೋಡಿದರು. "ತೊಳದ್ರಿ? ಯಾಕ್ರಿ?" ಎಂದು ಒಬ್ಬ ಕೇಳಿದ. ಅವಳು ಪೆನ್ನು ಊರಿ ಬರೆದುಕೊಂಡಳು. ಗೆಳೆಯ ಮುಂದೆ ಬಗ್ಗಿ, ರಸೀದಿಯನ್ನು ತನ್ನ ಕಡೆ ತಿರುಗಿಸಿಕೊಂಡು, ಮಾಸ್ತರರು ಓದುವಂತೆ ಒಂದೊಂದೇ ಪದ ಓದಿದ. 'ನೀರಿನಲ್ಲಿ ಬಿದ್ದಿದೆ' ಎಂದಿತ್ತು.

"ಹಂಗಲ್ಲ ತಂಗೀ," ಎಂದ. "ಅವರ ಹೇಳಿದ್ದ ಬರಿ."

ಅವಳು ಅದನ್ನು ಗೀಚಿ ಹಾಕಿ, ಕೆಳಗೆ 'ಮಾಲೀಕರೇ ತೊಳೆದಿದ್ದಾರೆ' ಎಂದು ಬರೆದು, ಸಹಿ ಮಾಡಲು ಪೆನ್ನನ್ನು ನನ್ನ ಕಡೆ ಚಾಚಿದಳು.